ಮಾವನ ಬೋರಿಗೆ ನಾನು ಎಳೆದ ಗೆರೆ

ನೆಲದೊಳಗಿನ ಸುದ್ದಿ ಹೇಳುವುದು ನನ್ನ ಉದ್ಯೋಗವಾದ ದಿನದಿಂದ ನೆಲದ ಮೇಲಿನವರು ನನ್ನನ್ನು ಸುಮ್ಮನೆ ಕೂಡಗೊಟ್ಟಿಲ್ಲ. ವಾರಕ್ಕೊಂದು ಫಜೀತಿ ಆಗದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಇಲ್ಲಿ ಬರೆದವೆಲ್ಲ ಒಂದೇ ಬೋರಿನಿಂದ ಎದ್ದ ಫಜೀತಿಗಳು. ಮುಕ್ಕಾಲು ಪಾಲು ಖರೇ. ಉಳಿದ ಕಾಲು ಪಾಲು ಯಾವುದು ಅಂತ ಈಗ ನನಗೂ ನೆನಪಿಲ್ಲ.

ಶಿಗ್ಗಾಂವಿಯಲ್ಲಿ ನಮ್ಮ ಮಾಳಿಗೆ ಮೇಲಿನ ಖೋಲಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ನಾನು ಹೊರದೇಶದ ಗ್ಯಾಸ್ ಬಾವಿಗಳ ಭವಿಷ್ಯ ಬರೆಯುತ್ತೇನೆ. ಅಲ್ಲಿ ಶೇಲ್ ಅಂತ ಒಂದು ಕಲ್ಲು ಇದೆ, ಖಡಕ್ ರೊಟ್ಟಿ ಒಂದರ ಮೇಲೊಂದು ಒಟ್ಟಿದ ಹಾಗೆ ಪದರು ಪದರು. ಗ್ಯಾಸು ಆ ಪದರಿನೊಳಗೆ ಸಿಕ್ಕಿಕೊಂಡಿರುತ್ತದೆ, ತಾನಾಗಿ ಹೊರಗೆ ಬರುವುದಿಲ್ಲ. ಅದಕ್ಕೆ ಬಾವಿ ಕೊರೆದು, ನೀರನ್ನೂ ಉಸುಕನ್ನೂ ಭಾರೀ ಜೋರಿನಿಂದ ಒಳಗೆ ನೂಕಿ ಕಲ್ಲು ಸೀಳುತ್ತಾರೆ. ಬಿರುಕು ಮತ್ತೆ ಮುಚ್ಚಿಕೊಳ್ಳದ ಹಾಗೆ ಉಸುಕು ನಡುವೆ ಅಡ್ಡ ನಿಲ್ಲುತ್ತದೆ. ಆಮೇಲೆ ಗ್ಯಾಸು ಹೊಸ ಅಳಿಯನ ಹಾಗೆ, ಮೊದಲ ವರ್ಷ ಬೆಳಗಾದರೆ ಬಂದೇ ಬರುತ್ತದೆ, ಮುಂದೆ ಹಬ್ಬಕ್ಕೊಮ್ಮೆ. ಎಷ್ಟು ಬೇಗ ಇಳಿಯುತ್ತದೆ, ಎಷ್ಟು ವರ್ಷ ಬರುತ್ತದೆ ಅಂತ ಲೆಕ್ಕ ಹಾಕಿ ಒಂದು ಇಳಿಜಾರು ಗೆರೆ ಎಳೆದು ಕೊಡುವುದು ನನ್ನ ಕೆಲಸ.

ಸವಣೂರಿನ ಆಚೆ ಎರಡು ಮೈಲಿನ ಮೇಲೆ ಒಂದು ಹಳ್ಳಿಯಲ್ಲಿ ನನ್ನ ಅಕ್ಕ ಇದ್ದಾಳೆ. ಅಕ್ಕನ ಗಂಡನಿಗೆ, ನಾವು ಮಾವ ಅಂತೀವಿ, ಎಲಿಬಳ್ಳಿ, ಅಂದರೆ ವೀಳ್ಯದೆಲೆಯ, ತೋಟ ಮಾಡುವ ಹುಚ್ಚು. ಎಲಿಬಳ್ಳಿಗೆ ಒಗ್ಗುವ ನೆಲ ಅವರ ಹೊಲದಲ್ಲಿ ಹತ್ತು ಗುಂಟೆ ಮಾತ್ರ, ಮತ್ತು ಆ ಹತ್ತು ಗುಂಟೆಯಲ್ಲಿ ಅಕ್ಕ ಮದುವೆಯಾಗಿ ಬಂದಾಗಿನಿಂದ ಮೆಣಸಿನಕಾಯಿ ಬೆಳೆಯುತ್ತಾಳೆ. ಬೋರಿನ ನೀರು ನಡುವೆ ಕೈಕೊಟ್ಟರೆ ಬಳ್ಳಿ ಒಣಗಿ ಎಲೆಯೂ ಇಲ್ಲ, ಕಿತ್ತ ಮೆಣಸಿನ ಗಿಡವೂ ಇಲ್ಲ. ಅಕ್ಕ ಅಡಿಗೆಮನೆಯಿಂದಲೇ ತೀರ್ಪು ಕೊಟ್ಟಿದ್ದಳು.

"ಮೂರು ವರ್ಷ ನೀರ ನಿಲ್ಲತೈತಿ ಅಂತ ಖಾತ್ರಿ ಆಗಲಿ, ನನ್ನ ಕೈಯಿಂದನ ಗಿಡ ಕಿತ್ತ ಕೊಡ್ತೇನಿ. ಅಲ್ಲೀತನಕ ನನ್ನ ಮೆಣಸಿನಕಾಯಿಗಿ ಯಾರೂ ಕೈ ಹಚ್ಚಬ್ಯಾಡ್ರಿ."

ಖಾತ್ರಿ ಕೊಡುವ ಕೆಲಸ ನನ್ನ ತಲೆಗೆ ಬಂತು. ಮನೆಯಲ್ಲೇ ಬಾವಿಯ ಭವಿಷ್ಯ ಹೇಳುವವನು ಇರುವಾಗ ಹೊರಗಿನವರನ್ನು ಯಾಕೆ ಕೇಳಬೇಕು ಅಂತ ಮಾವನ ವಾದ.

ಅಡ್ಡ ಹೋದ ಬಾವಿ

ಆಗಿನ್ನೂ ಬೋರು ಸೊರಗಿತ್ತು, ಪೈಪಿನಲ್ಲಿ ನೀರು ಕೆಮ್ಮುತ್ತ ಕೆಮ್ಮುತ್ತ ಬರುತ್ತಿತ್ತು. ನನ್ನ ಕೆಲಸ ಎಂಥದು ಅಂತ ಮಾವ ಕೇಳಿದ. ಮೇಲೆ ಬರೆದದ್ದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

"ಅಲ್ಲಿ ಬಾವಿ ಕೆಳಗ ಹೋಗಿ ಆಮ್ಯಾಲ ಅಡ್ಡ ತಿರಗತಾವ್ರಿ ಮಾವ. ಒಂದ ಮೈಲು ಅಡ್ಡ."

"ಅಡ್ಡ?"

"ಅಡ್ಡ. ಕಲ್ಲಿನ ಪದರ ಹಿಡದ ಹಂಗ ಹೊಕ್ಕಾವ."

ಮಾವ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದ. ಒಂದು ತಾಸಿನಲ್ಲಿ ಗೊತ್ತಾಯಿತು, ಬದುವಿನ ಆಚೆಯ ಹೊಲದವನ ಹತ್ತಿರ ಹೋಗಿ, "ನಿನ್ನ ಬೋರ್ ಅಡ್ಡ ತಿರಗಿ ನನ್ನ ನೀರ ಕುಡ್ಯಾಕತ್ತೈತಿ" ಅಂತ ಜಗಳ ತೆಗೆದಿದ್ದ. ಆ ಹೊಲದವನೂ ಬಿಡುವ ಪೈಕಿ ಅಲ್ಲ. "ನಂದೂ ಸೊರಗೈತಿ, ಹಂಗಾರ ನಿಂದ ಅಡ್ಡ ಬಂದಿರಬೇಕು" ಅಂದ. ಇಬ್ಬರೂ ನ್ಯಾಯಕ್ಕೆ ನನ್ನ ಮುಂದೆ ಬಂದು ನಿಂತರು.

ನಮ್ಮ ಕಡೆ ಬೋರು ಅಡ್ಡ ತಿರುಗುವುದಿಲ್ಲ ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನನ್ನ ನಾಲಗೆಗೆ ಅಂಥ ಚಟ ಇಲ್ಲ.

"ಪರೀಕ್ಷಾ ಮಾಡೂಣಂತ್ರಿ. ಇಬ್ಬರೂ ನಿಮ್ಮ ನಿಮ್ಮ ಬೋರಿನ ಪೈಪಿಗಿ ಒಂದ ಕಿವಿ ಹಚ್ಚರಿ. ಒಬ್ಬರಾದ ಮ್ಯಾಲ ಒಬ್ಬರು ಪೈಪಿನಾಗ ಕೂಗರಿ. ಇನ್ನೊಬ್ಬರಿಗಿ ಕೇಳಿತಂದ್ರ ಒಳಗ ಕೂಡ್ಯಾವ."

ಎರಡು ಬೋರಿನ ನಡುವೆ ಅಂತರ ಹೆಚ್ಚೆಂದರೆ ನಲವತ್ತು ಹೆಜ್ಜೆ. ಮಾವನ ದನಿಯೋ, ಶಿಗ್ಗಾಂವಿಯ ಹೆದ್ದಾರಿಯಲ್ಲಿ ಹೋಗುವ ಬಸ್ಸನ್ನು ಸವಣೂರಿನಿಂದಲೇ ನಿಲ್ಲಿಸುವಂಥದು. ಅವನು ಪೈಪಿನ ಬಾಯಿಗೆ ಬಗ್ಗಿ ಆ ಹೊಲದವನ ಏಳು ತಲೆಮಾರನ್ನು ನೆನೆದ. ಆ ಹೊಲದವ ಒಂದು ಕಿವಿ ಪೈಪಿಗೆ ಹಚ್ಚಿ, ಇನ್ನೊಂದನ್ನು ಗಾಳಿಗೆ ತೆರೆದಿಟ್ಟುಕೊಂಡು ಎಲ್ಲವನ್ನೂ ಅಕ್ಷರ ಬಿಡದೆ ಕೇಳಿಸಿಕೊಂಡ. ಆಮೇಲೆ ಅವನ ಪಾಳಿ. ಅದೂ ಸ್ಪಷ್ಟವಾಗಿ ಕೇಳಿತು.

ಎರಡೂ ಬೋರು ಒಳಗೊಳಗೆ ಕೂಡಿಕೊಂಡಿವೆ, ಅಂದಮೇಲೆ ಯಾರು ಯಾರ ನೀರು ಕದಿಯುವ ಪ್ರಶ್ನೆಯೇ ಇಲ್ಲ ಅಂತ ಇಬ್ಬರೂ ರಾಜಿಯಾದರು. ಇವತ್ತಿಗೂ ಚಹಾ ಆದ ಕೂಡಲೇ ಮಾವ ಪೈಪಿಗೆ ಬಗ್ಗಿ "ಬಾರೋ" ಅಂತಾನೆ. ಅವನು ಬದುವಿನ ಮೇಲೆ ಕೂತಿದ್ದರೂ ಎದ್ದು ಹೋಗಿ ತನ್ನ ಪೈಪಿನಲ್ಲಿ "ಬಂದೆ" ಅಂದು ಬರುತ್ತಾನೆ.

ಕಾಲಿಗೆ ಜುಂ ಅಂದದ್ದು

ರಾಜಿ ಆದರೂ ನೀರು ಹೆಚ್ಚಲಿಲ್ಲ. ಹೊರದೇಶದಲ್ಲಿ ಗ್ಯಾಸಿಗೆ ಮಾಡುವುದನ್ನೇ ಇಲ್ಲಿ ಸಣ್ಣ ಪ್ರಮಾಣದಲ್ಲಿ ನೀರಿಗೂ ಮಾಡುತ್ತಾರೆ ಅಂತ ನಾನೇ ಹೇಳಿದೆ. ಬೋರಿನೊಳಗೆ ಜೋರಿನಿಂದ ನೀರು ನೂಕಿ ಕಲ್ಲಿನ ಬಿರುಕು ತೆರೆಸುವ ಲಾರಿ ಹಿರೇಕೆರೂರಿನ ಕಡೆ ಬಂದಿತ್ತು. ಮಾವ ಅದನ್ನು ಕರೆಸಿದ.

ಹೊಲದಲ್ಲಿ ಇಪ್ಪತ್ತು ಜನ ಸೇರಿದರು. ಮೂವತ್ತು ಅಂತಲೇ ಇಟ್ಟುಕೊಳ್ಳಿ. ಹಿಂದೆ ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿ ಈ ಬೋರಿನ ಜಾಗ ತೋರಿಸಿದ್ದ ಹಾನಗಲ್ಲಿನ ಮನುಷ್ಯನೂ ಬಂದಿದ್ದ. ಮಾವನ ತಾಯಿ, ಊರಿಗೆಲ್ಲ ಆಯಿ, ಬದುವಿನ ಮೇಲೆ ಕೂತು ಲಾರಿಯ ಹಿಂದೆ ನಿಂತ ಎರಡು ಟ್ಯಾಂಕರ್ ನೋಡಿದಳು.

"ಅದರಾಗೇನೈತೋ ತಮ್ಮಾ?"

"ನೀರು, ಆಯಿ. ಬೋರಿನಾಗ ಹಾಕಾಕ."

"ನೀರಿಲ್ಲಂತ ಕರಸಿದ್ರ, ಇದ್ದ ನೀರೂ ಅದಕ್ಕ ಕುಡಸ್ತಾರಂತ. ಶಾಣ್ಯಾರ ಅದಾರ ಬಿಡು."

ಜನ ನಗಲಿಕ್ಕೆ ಹತ್ತಿದರು, ಗದ್ದಲವಾಯಿತು. ನನಗೆ ಬುದ್ಧಿ ಓಡಿತು. ಎಲ್ಲರನ್ನೂ ಹತ್ತಿರ ಕರೆದು, ಸಪ್ಪಳ ಕೇಳಿದರೆ ಕಲ್ಲು ಬಿಗಿಯುತ್ತದೆ, ಹೊರದೇಶದಲ್ಲಿ ಈ ಹೊತ್ತಿನಲ್ಲಿ ಕೆಮ್ಮುವುದಕ್ಕೂ ಪರವಾನಗಿ ಇಲ್ಲ ಅಂದೆ. ಕಲ್ಲು ಒಡೆದಾಗ ಕಾಲಿಗೆ ತಿಳಿಯುತ್ತದೆ, ಚಪ್ಪಲಿ ಬಿಟ್ಟು ನಿಲ್ಲಿ ಅಂತ ಸೇರಿಸಿದೆ.

ಮೂವತ್ತು ಜನ ಬರಿಗಾಲಲ್ಲಿ, ಉಸಿರು ಹಿಡಿದು ನಿಂತರು. ಮಾವ ಲಾರಿಯವನ ಕಿವಿಯಲ್ಲಿ ಪಿಸುಗುಟ್ಟಿ ಏನೋ ಕೇಳಿದ. ಲಾರಿಯವನಿಗೆ ಕಾರಣ ತಿಳಿಯದು, ಯಾರಿಗೋ ಮೈಯಲ್ಲಿ ಹುಷಾರಿಲ್ಲ ಅಂತ ತಿಳಿದು ಅವನೂ ಪಿಸುಗುಟ್ಟಿಯೇ ಉತ್ತರ ಕೊಟ್ಟ.

ಐದು ನಿಮಿಷ ಹೋಯಿತು. ಹಾನಗಲ್ಲಿನವ ಕಣ್ಣು ಮುಚ್ಚಿ ಮೆಲ್ಲಗೆ, "ಬಂತು. ಹಿಮ್ಮಡಾಗ ಜುಂ ಅಂತು" ಅಂದ. "ನನಗೂ" ಅಂದ ಒಬ್ಬ. "ನನಗ ಮೊಣಕಾಲತನಕ" ಅಂದ ಇನ್ನೊಬ್ಬ. ಒಬ್ಬನಿಗೆ ದವಡೆಯ ಹಲ್ಲೇ ನಡುಗಿತು. ಆಯಿ ಬದುವಿನ ಮೇಲಿಂದ, ಬಿರುಕು ಬಂಕಾಪುರದ ದಿಕ್ಕಿಗೆ ಹೋಯಿತು ಅಂತ ಕೈ ತೋರಿಸಿದಳು. ನಿಜ ಹೇಳುತ್ತೇನೆ, ನನಗೂ ಅಂಗಾಲಲ್ಲಿ ಏನೋ ಆದ ಹಾಗಾಯಿತು.

ಆಗ ಲಾರಿಯವ ಕೈ ಒರೆಸಿಕೊಳ್ಳುತ್ತ ಬಂದು ಪಿಸುದನಿಯಲ್ಲಿ ಅಂದ:

"ಎಲ್ಲಾರೂ ಒಂದೀಟ ಹಿಂದ ಸರೀರಿ. ಇನ್ನ ಇಂಜಿನ್ ಚಾಲೂ ಮಾಡ್ತೇನಿ."

ಅರವತ್ತೆರಡು ಶಿವಾಯ

ಇಂಜಿನ್ ಚಾಲೂ ಆದ ಮೇಲೆ ಕಲ್ಲು ನಿಜಕ್ಕೂ ಒಡೆಯಿತು, ನೀರು ಪೈಪು ತುಂಬ ಬಂತು. ಮಾವ ಅವತ್ತೇ ಎಲಿಬಳ್ಳಿಯ ಕುಡಿ ತರಲಿಕ್ಕೆ ಹೊರಟ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತ ಬಂದದ್ದಲ್ಲ ಖಾತ್ರಿ. ಮೂರು ವರ್ಷದ ಮಾತ ಹೇಳ್ರಿ."

ಅಕ್ಕನ ಮಾತು ಸರಿ. ಸೀಳಿದ ಬಾವಿಯ ಮೊದಲ ವಾರ ನಂಬುವ ಹಾಗಿಲ್ಲ. ನನ್ನ ಗೆರೆಗೆ ದಿನದಿನದ ಅಳತೆ ಬೇಕು. ಪೈಪಿನ ಕೆಳಗೆ ಒಂದು ಬ್ಯಾರಲ್ ಇಟ್ಟೆ. ಮೋಟಾರು ಚಾಲೂ ಆಗಿ ಒಂದು ತಾಸಿನ ಮೇಲೆ ಬ್ಯಾರಲ್ ತುಂಬಲಿಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ ಫೋನು ಮಾಡಿರಿ ಅಂತ ಮಾವನಿಗೆ ಹೇಳಿ ಶಿಗ್ಗಾಂವಿಗೆ ಬಂದೆ.

ಮೊದಲ ದಿನ ಮಾವನ ಫೋನು: "ಒಂದ ಬೀಡಿ ಹಿಡೀತ ನೋಡು." ಎರಡನೇ ದಿನ: "ಬೀಡಿ ತೀರಿದ್ವು, ಹೊತ್ತ ಗೊತ್ತಾಗಲಿಲ್ಲ." ಮೂರನೇ ದಿನದಿಂದ ಕೆಲಸ ಆಯಿಯ ಕೈಗೆ ಹೋಯಿತು. ಆಯಿ ಲೆಕ್ಕದಲ್ಲಿ ಬಿಗಿ.

"ಇವತ್ತ ಅರವತ್ತೆರಡು" ಅಂದಳು.

"ಸೆಕೆಂಡ್ ಏನು ಆಯಿ?"

"ಸೆಕೆಂಡ್ ಗಿಕೆಂಡ್ ನನಗ ಗೊತ್ತಿಲ್ಲ. ಓಂ ನಮಃ ಶಿವಾಯ ಅಂತ ಅರವತ್ತೆರಡು ಸಲ ಅನ್ನೂದ್ರಾಗ ತುಂಬತು."

ಕೆಟ್ಟ ಅಳತೆ ಅಲ್ಲ, ಒಂದು ಶಿವಾಯಕ್ಕೆ ಎಷ್ಟು ಸೆಕೆಂಡು ಅಂತ ಗೊತ್ತಾದರೆ ಸಾಕು ಅಂದುಕೊಂಡೆ. ಫೋನಿನಲ್ಲಿ ಆಯಿಗೆ ಜಪ ಮಾಡಲು ಹೇಳಿ ನಾನು ಗಡಿಯಾರ ಹಿಡಿದೆ. ಯಾರೋ ಕೇಳುತ್ತಿದ್ದಾರೆ ಅಂತ ಗೊತ್ತಾದ ಮೇಲೆ ಆಯಿ ಭಜನೆಯ ರಾಗ ಎಳೆದಳು, ಒಂದೊಂದು ಶಿವಾಯಕ್ಕೆ ಅರ್ಧ ನಿಮಿಷ. ಆ ಲೆಕ್ಕದಲ್ಲಿ ಬೋರು ತೊಟ್ಟಿಕ್ಕುತ್ತಿತ್ತು. ಮುಂದೆ ನೋಡಿದರೆ ಆಯಿಗೆ ನೆಗಡಿ ಆದ ದಿನ ಜಪ ನಿಧಾನ, ಎಣಿಕೆ ಕಡಿಮೆ, ಆದ್ದರಿಂದ ಬೋರು ಸುಧಾರಿಸುತ್ತಿತ್ತು. ಅಕ್ಕನ ಜೊತೆ ಮಾತಿಗೆ ಮಾತು ಬೆಳೆದ ದಿನ ಜಪ ಜೋರು, ಎಣಿಕೆ ನೂರು ದಾಟಿ ಬೋರು ಬತ್ತುತ್ತಿತ್ತು. ಕೊನೆಗೆ ಅಕ್ಕನಿಗೆ ಬೇರೆ ಫೋನು ಮಾಡಿ, "ಇವತ್ತ ಆಯಿ ಕೂಡ ಜಗಳ ಆಗೇತೇನು, ಎಷ್ಟೊತ್ತು?" ಅಂತ ಕೇಳಿ ಲೆಕ್ಕ ತಿದ್ದಿಕೊಳ್ಳಬೇಕಾಯಿತು. ಇದ್ಯಾಕೆ ದಿನಾ ಕೇಳುತ್ತಾನೆ ಅಂತ ಅಕ್ಕನಿಗೂ ಗಲಿಬಿಲಿ.

ಹೊರದೇಶದ ಬಾವಿಗೆ ಬಳಸುವ ಪ್ರೋಗ್ರಾಮಿನಲ್ಲೇ ಮಾವನ ಬೋರನ್ನೂ ಹಾಕಿದ್ದೆ. ಅದು ಗ್ಯಾಸ್ ಬಾವಿ ಅಂತಲೇ ತಿಳಿದು, ಹತ್ತಿರ ಬೆಂಕಿ ಹಚ್ಚಬೇಡಿ ಅಂತ ಎಚ್ಚರಿಕೆ ಕೊಡುತ್ತಿತ್ತು. ಒಂದು ದಿನ ಕಣ್ತಪ್ಪಿ ಆ ಹಾಳೆ ಬೆಂಗಳೂರಿನ ನಮ್ಮ ಸಾಹೇಬರಿಗೆ ಹೋಯಿತು. ಅವರು ಮೈಸೂರು ಕಡೆಯವರು, ಬಹಳ ಶಿಸ್ತು. ಫೋನು ಬಂತು.

"ಏನ್ರೀ ಇದು, ಬ್ಯಾರಲ್‌ಗೆ ಅರವತ್ತೆರಡು ಶಿವಾಯ ಅಂತ ಇದೆ?"

"ಅದೊಂದು ಮಾಪ ಐತ್ರಿ ಸಾಹೇಬ್ರ. ನಮ್ಮ ಕಡೀದು."

ಅವರು ಹಾಳೆ ತಿರುವಿದ ಸಪ್ಪಳ ಕೇಳಿತು. ಆಮೇಲೆ ದನಿ ತಗ್ಗಿಸಿ, "ಮೆಟ್ರಿಕ್ಕೋ, ಬ್ರಿಟಿಷ್ಷೋ?"

"ಅದಕ್ಕಿಂತ ಹಳೇದ್ರಿ."

ಮಂಗಳವಾರದ ಜಿಗಿತ

ಎರಡು ತಿಂಗಳ ಅಳತೆ ಕೂಡಿದ ಮೇಲೆ ಗೆರೆ ಎಳೆಯಲು ಕೂತೆ. ಬುಧವಾರ, ಗುರುವಾರ, ಶುಕ್ರವಾರ, ದಿನಕ್ಕಿಷ್ಟು ಅಂತ ನೀರು ಇಳಿಯುತ್ತ ಬರುತ್ತದೆ, ಸರಿ. ಮಂಗಳವಾರ ಬಂತೆಂದರೆ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ. ಎಲ್ಲ ವಾರವೂ ಹೀಗೇ. ಸೋಮವಾರದ ಅಳತೆಯೇ ಇಲ್ಲ. ಆಯಿ ಸೋಮವಾರ ಗುಡಿಗೆ ಹೋಗುತ್ತಾಳೆ, ಅಳೆದಿರಲಿಕ್ಕಿಲ್ಲ ಅಂತ ಬಿಟ್ಟೆ. ಗ್ಯಾಸ್ ಬಾವಿಯನ್ನು ಒಂದಿಷ್ಟು ಹೊತ್ತು ಮುಚ್ಚಿಟ್ಟು ತೆರೆದರೆ ಒಳಗೆ ಒತ್ತಡ ಕೂಡಿ ಹೀಗೆ ಜಿಗಿಯುವುದುಂಟು. ಆದರೆ ಮಾವನ ಬೋರನ್ನು ಮುಚ್ಚಿದವರು ಯಾರು?

"ಮಾವ, ಮೋಟಾರು ದಿನಾ ಚಾಲೂ ಐತೇನ್ರಿ?"

"ದಿನಾ ಚಾಲೂ."

"ಒಂದ ದಿನಾನೂ ಬಂದ್ ಮಾಡಿಲ್ಲ?"

"ಒಂದ ದಿನಾನೂ ಇಲ್ಲ. ಯಾಕ?"

ಅಕ್ಕನ ಮೆಣಸಿನ ಗಿಡ ಈ ಒಂದು ಜಿಗಿತಕ್ಕೆ ತೂಗುಬಿದ್ದಿತ್ತು. ಜಿಗಿತ ನಂಬಿದರೆ ನೀರು ಹೆಚ್ಚುತ್ತ ಹೋಗುತ್ತದೆ, ಉಳಿದ ದಿನ ನಂಬಿದರೆ ಬತ್ತುತ್ತದೆ. ನನಗೆ ನಿದ್ದೆ ಬರಲಿಲ್ಲ, ಸಾಹೇಬರನ್ನು ಕೇಳಿದೆ. ಶಿವಾಯದ ಹಾಳೆ ನೋಡಿದಾಗಿನಿಂದ ಅವರಿಗೂ ಈ ಬೋರಿನ ಗೀಳು. ಭಾನುವಾರ ಎಲ್ಲರಿಗೂ ಪುರುಸೊತ್ತು ಅಂತ ನಾಲ್ಕು ಜನ ಎಂಜಿನಿಯರರನ್ನು ಕಂಪ್ಯೂಟರಿನಲ್ಲಿ ಕೂಡಿಸಿದರು. ಒಬ್ಬರು ಚಂದ್ರನ ಸೆಳೆತ ಅಂದರು. ಚಂದ್ರನಿಗೆ ವಾರ ತಿಳಿಯುವುದಿಲ್ಲ ಅಂತ ಇನ್ನೊಬ್ಬರು ತಕರಾರು ತೆಗೆದರು. ನಾನು ಬಿರುಕುಗಳು ಉಸಿರಾಡುತ್ತವೆ ಅಂತ ಬಣ್ಣಬಣ್ಣದ ಚಿತ್ರ ಹಾಕಿ ಎಂಟು ಪುಟದ ಟಿಪ್ಪಣಿ ಓದಿದೆ. ಎಲ್ಲರಿಗೂ ಹಿಡಿಸಿತು. ಅರ್ಥ ಆದದ್ದು ಯಾರಿಗೂ ಇಲ್ಲ, ನನ್ನನ್ನೂ ಹಿಡಿದು.

ಮರುದಿನ ಸೋಮವಾರ. ತಡೆಯಲಾಗದೆ ಬಸ್ಸು ಹತ್ತಿ ಹೊಲಕ್ಕೇ ಹೋದೆ. ಬೋರು ಸುಮ್ಮನಿತ್ತು. ಮೋಟಾರು ನೆಲದೊಳಗೆ ಎಷ್ಟೋ ಅಡಿ ಕೆಳಗೆ, ಹಾಗಾಗಿ ಅದರ ಪಾಲಿನ ಪೂಜೆಯನ್ನು ಮೇಲಿನ ಸ್ಟಾರ್ಟರ್ ಡಬ್ಬಿ ತೆಗೆದುಕೊಂಡಿತ್ತು. ಮೈ ತೊಳೆದು ವಿಭೂತಿ, ನೆತ್ತಿಗೆ ಎರಡು ಚೆಂಡು ಹೂವು. ಮಾವ ಬೇವಿನ ನೆರಳಲ್ಲಿ ಅಡ್ಡಾಗಿದ್ದ.

"ಮೋಟಾರ್ ಯಾಕ ಬಂದ್ ಐತ್ರಿ?"

"ಸೋಮವಾರಲ್ಲೋ ಮಾರಾಯ. ಬಸವಣ್ಣನ ವಾರ. ಎತ್ತಿಗಿ ಸೂಟಿ."

"ಎತ್ತು ಎಲ್ಲೈತ್ರಿ? ಮಾರಿ ಮೂರು ವರ್ಷ ಆತು."

"ಹೌದಪಾ. ಎತ್ತು ಹ್ವಾದ ಮ್ಯಾಲ ನಮ್ಮ ಹೊಲದಾಗ ದುಡ್ಯೂದು ಇದ ಅಲ್ಲೇನು? ಇದಕ್ಕೂ ಜೀವ ಸುಸ್ತಾಗತೈತಿ."

"ಟ್ರ್ಯಾಕ್ಟರಿಗಿ?"

"ಅದು ಬಾಡಿಗಿದು. ಅದರ ಸೂಟಿ ಅದರ ಮಾಲಕ ನೋಡ್ಕೋತಾನ."

"ದಿನಾ ಚಾಲೂ ಅಂದಿದ್ರೆಲ್ಲ ಮಾವ?"

"ದಿನಾನ ಚಾಲೂ. ಸೋಮವಾರ ಯಾರರ ಲೆಕ್ಕಕ್ಕ ಹಿಡೀತಾರೇನು?"

ಅಲ್ಲೇ ನಿಂತು ಸಾಹೇಬರಿಗೆ ಫೋನು ಹಚ್ಚಿದೆ. ಬಿರುಕು ಉಸಿರಾಡುವುದಿಲ್ಲ, ಬಾವಿಗೆ ವಾರಕ್ಕೊಂದು ರಜೆ ಇದೆ ಅಂತ ಹೇಳಿದೆ. ಅವರು ನಿಟ್ಟುಸಿರು ಬಿಟ್ಟು ಅಂದರು: "ಬಾವಿಗೆ ಸೋಮವಾರ ರಜ ಇದ್ಯಂತೆ, ನಾವು ಭಾನುವಾರವೂ ಕೂತು ಅದರ ಕೆಲಸ ಮಾಡಿದ್ವಲ್ರೀ."

ಖರೇ ಯಾವುದು

ಸೋಮವಾರದ ಸೂಟಿ ಹಿಡಿದು ಲೆಕ್ಕ ಹಾಕಿದ ಮೇಲೆ ಗೆರೆ ಮೆಲ್ಲಗೆ ಇಳಿದು, ಮಟ್ಟಸವಾಗಿ, ಮೂರು ವರ್ಷ ದಾಟಿ ನಡೆಯಿತು. ವಾರಕ್ಕೊಂದು ದಿನ ಬೋರು ದಣಿವಾರಿಸಿಕೊಂಡರೆ ನೀರು ಬತ್ತದೆ ನಿಲ್ಲುತ್ತದೆ. ಏಳೂ ದಿನ ಎಳೆದರೆ ಎರಡನೇ ಬೇಸಿಗೆಗೇ ಮುಗಿಯಿತು. ಜೀವಮಾನದಲ್ಲಿ ಇಷ್ಟು ಖರೇ ಸಂಗತಿ ನನ್ನ ಕೈಯಲ್ಲಿ ಬಂದದ್ದು ಮೊದಲ ಸಲ, ಮತ್ತು ಅದನ್ನು ಹೇಳಬೇಕಾದದ್ದು ಅಕ್ಕನಿಗೆ.

ಅಕ್ಕ ನನ್ನನ್ನು ನಂಬುವುದಿಲ್ಲ. ಹಿಂದೊಮ್ಮೆ, ರೊಟ್ಟಿ ಬಡಿಯುವ ಸಪ್ಪಳಕ್ಕೆ ಸರಕಾರದ ಪರವಾನಗಿ ಬೇಕು, ಸವಣೂರಿನಲ್ಲಿ ಕಾಯಿದೆ ಬಂದಿದೆ ಅಂದಿದ್ದೆ. ಪಾಪ, ಮೂರು ದಿನ ಮನೆಮಂದಿಗೆಲ್ಲ ಚಪಾತಿ ಲಟ್ಟಿಸಿ ಹಾಕಿದಳು. ಆವತ್ತಿನಿಂದ ನಾನು ಹೇಳಿದ್ದಕ್ಕೆ ತಿರುಗಾಮುರುಗಾ ಮಾಡುವುದು ಅವಳ ವ್ರತ. ಅದಕ್ಕೇ ಯುಕ್ತಿ ಮಾಡಿದೆ. ನೀರು ಇಲ್ಲ ಅಂದರೆ ಇದೆ ಅಂತ ತಿಳಿದುಕೊಳ್ಳುತ್ತಾಳೆ.

ಮಾವ, ಆಯಿ, ಅಕ್ಕ, ಮೂವರೂ ಪಡಸಾಲೆಯಲ್ಲಿ ಕೂತಿದ್ದರು. ಮುಖ ಸಪ್ಪಗೆ ಮಾಡಿ ಅಂದೆ:

"ನೀರ ನಿಲ್ಲೂದಿಲ್ಲಕ್ಕ. ತೋಟದ ಆಸೆ ಬಿಡ್ರಿ."

ಅಕ್ಕ ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣು ಒದ್ದೆಯಾಯಿತು.

"ಒಂದ ಸಲರ ಖರೇ ಮಾತಾಡಿದೆಲ್ಲೋ ತಮ್ಮಾ. ನಿಂಗ ಹೋಳಿಗಿ ಮಾಡ್ತೇನಿ ಇವತ್ತ."

ಮಾವ ಗೋಡೆಗೆ ಒರಗಿದ. ನಾನು ಗಡಬಡಿಸಿದೆ.

"ಅಲ್ಲಕ್ಕ, ಸುಳ್ಳ ಹೇಳ್ದೆ. ನೀರ ನಿಲ್ಲತೈತಿ."

"ನಿಮ್ಮ ಮಾವನ ಮುಖ ನೋಡಿ ಮಾತ ತಿರವಿದಿ. ಮೊದಲ ಹೇಳಿದ್ದ ಖರೇ."

"ಮೊದಲಿಂದು ಸುಳ್ಳು, ನೀ ತಿರವಿ ಹಿಡೀತಿ ಅಂತ ಹೇಳಿದ್ದು."

"ಹಂಗಾರ ಈಗ ಹೇಳಿದ್ದೂ ನಾ ತಿರವಿ ಹಿಡೀಲಿ ಅಂತನ?"

ಮಾವ ಎರಡೂ ಕೈ ಎತ್ತಿದ. "ಒಂದೀಟ ತಡೀರಿ. ಈಗ ಬೋರಿನಾಗ ನೀರೈತೋ ಇಲ್ಲೋ?"

"ಐತ್ರಿ" ಅಂದೆ.

"ಖರೇ?"

"ಖರೇ."

"ಹಂಗಾರ ಇಲ್ಲ" ಅಂದಳು ಅಕ್ಕ.

ಗೆರೆ ಎಳೆದ ಕಾಗದ ತೋರಿಸಿದೆ. ಕಾಗದವನ್ನು ಬರೆದವನೂ ನಾನೇ ತಾನೇ ಅಂದಳು. ಈ ಗದ್ದಲದಲ್ಲಿ, ನಾನು ಮೊದಲು ಹೇಳಿದ್ದೇ ಖರೇ ಇರಬಹುದೇನೋ ಅಂತ ನನಗೂ ಒಂದು ಗಳಿಗೆ ಅನುಮಾನ ಬಂತು.

ಆಯಿ ಎಲೆಗೆ ಸುಣ್ಣ ಹಚ್ಚುತ್ತ ಬಾಯಿ ತೆರೆದಳು.

"ಹೊಸದಾಗಿ ಹಚ್ಚಿದ ಬಳ್ಳಿಗಿ ದಿನಾ ನೀರ ಬೇಕು. ಸೋಮವಾರ ಮೋಟಾರ್ ಬಂದ್. ರವಿವಾರ ಟಾಕಿ ತುಂಬಿ ಇಡ್ರಿ, ಸೋಮವಾರ ಇವ ಬಂದು ಕೊಡದಲೆ ಹಾಕಲಿ. ನೀರ ನಿಲ್ಲತೈತಿ ಅಂತ ಇವಗ ಖರೇನ ಗೊತ್ತಿದ್ರ ಹೊರತಾನ. ಸುಳ್ಳ ಇದ್ರ, ಒಣಗೂ ಬಳ್ಳಿಗಿ ಯಾವ ಹುಚ್ಚ ಹೆಗಲ ಕೊಡ್ತಾನ?"

ಅಕ್ಕ ನನ್ನ ಕಡೆ ತಿರುಗಿದಳು. "ಹೊರ್ತಿಯೇನು?"

ಮಾವನನ್ನು ನೋಡಿದೆ. ಅವನು ನನ್ನ ಹೆಗಲನ್ನೇ ನೋಡುತ್ತಿದ್ದ.

"ಹೊರ್ತೇನಿ" ಅಂದೆ.

ಅಕ್ಕ ಮಾತಿಗೆ ತಪ್ಪುವವಳಲ್ಲ. ಅವತ್ತು ಸಂಜೆಯೇ ಸೆರಗು ಕಟ್ಟಿ, ತನ್ನ ಮೆಣಸಿನ ಗಿಡ ಒಂದೊಂದಾಗಿ ತಾನೇ ಕಿತ್ತಳು. ಆ ವಾರದಲ್ಲೇ ಮಾವ ಬಳ್ಳಿ ಹಚ್ಚಿದ. ಕುಡಿ ಈಗ ಮೊಣಕಾಲಿನೆತ್ತರ ಆಗಿವೆ, ನೀರು ಗೆರೆಯ ಮೇಲೇ ನಡೆದಿದೆ. ಸೋಮವಾರ ಬಂತೆಂದರೆ ಹೊರದೇಶದ ಬಾವಿಗಳ ಭವಿಷ್ಯ ಬರೆಯುವ ನಾನು, ಶಿಗ್ಗಾಂವಿಯಿಂದ ಮೊದಲ ಬಸ್ಸಿಗೆ ಬಂದು, ಎರಡು ಹೆಗಲಿಗೆ ಎರಡು ಕೊಡ ಇಟ್ಟುಕೊಂಡು ಟಾಕಿಗೂ ತೋಟಕ್ಕೂ ಓಡಾಡುತ್ತೇನೆ.

ಹೋದ ವಾರ ನಡು ಹಿಡಿದುಕೊಂಡಿತು. ಕೊಡ ಇಳಿಸಿ, ಬದುವಿನ ಮೇಲೆ ಕೂತ ಮಾವನಿಗೆ ನೀವೂ ಒಂದೆರಡು ಹೊತ್ತರೆ ಏನಾಗುತ್ತದೆ ಅಂದೆ. ಸೋಮವಾರ ತಾನು ಏನೂ ದುಡಿಯುವುದಿಲ್ಲ ಅಂತ ಮಾವ ಅಂಗಾತ ಮಲಗಿದ. ಅಕ್ಕ ಚಹಾ ತಂದಳು. ಅವಳಿಗೆ ಅಳುಮುಖ ಮಾಡಿ ಕೇಳಿದೆ:

"ಎತ್ತಿಗಿ ಸೂಟಿ, ಮೋಟಾರಿಗಿ ಸೂಟಿ, ಮಾವಗೂ ಸೂಟಿ. ನಾ ಎತ್ತಿಗಿಂತ ಕಡಿಮಿ ಏನಕ್ಕ?"

ಅಕ್ಕ ಚಹಾ ಕೈಗೆ ಕೊಟ್ಟು, ಸೊಟ್ಟಾದ ಒಂದು ಬಳ್ಳಿಯನ್ನು ನೆಟ್ಟಗೆ ಕಟ್ಟುತ್ತ ಅಂದಳು:

"ಎತ್ತು ಸುಳ್ಳ ಹೇಳೂದಿಲ್ಲಪಾ."